ಆದಾಮನ ಬರಿ ಯಾವುದು

ಉದ್ದದವನ ಎಡಗಾಲಿನ ಸಾಕ್ಸಿನಲ್ಲಿ ತೂತು, ಹೆಬ್ಬೆರಳು ಅರ್ಧ ಹೊರಗೆ ಬಂದು ನಮ್ಮ ಹಾಲಿನ ಟೈಲ್ಸ್ ಮೇಲೆ ಕೂತಿದೆ, ಅವನ ಅಮ್ಮ ಅಮೆರಿಕದ ಯಾವುದೋ ಊರಿನಲ್ಲಿ ನನ್ನ ಮಗ ಲೋಕ ಉದ್ಧಾರ ಮಾಡಲು ಹೋಗಿದ್ದಾನೆ ಎಂದು ನೆರೆಕರೆಗೆಲ್ಲ ಹೇಳಿಕೊಂಡಿರಬೇಕು, ಇಲ್ಲಿ ಮಗನ ಸಾಕ್ಸಿಗೆ ಸೂಜಿ ಹಾಕುವವರಿಲ್ಲ, ಪಾಪ — ಪಾಪ ಅನ್ನಬಾರದು, ಪಾಪ ಅಂದರೆ ಸಾಕು ಇಂಥವರು ಒಳಗೆ ಬಂದು ಕೂರುತ್ತಾರೆ, ಆದರೆ ಬಂದು ಕೂತಾಯಿತಲ್ಲ, ನನ್ನದೇ ಸೋಫಾ, ನನ್ನದೇ ಫ್ಯಾನು, ಇಬ್ಬರು, ಬಿಳಿ ಅಂಗಿ, ಕಪ್ಪು ಪ್ಯಾಂಟು, ಎದೆಯ ಮೇಲೆ ಕಪ್ಪು ಬ್ಯಾಡ್ಜು, ಬ್ಯಾಡ್ಜಿನಲ್ಲಿ ಎಲ್ಡರ್ ಎಂದು ಬರೆದಿದೆ, ಮೀಸೆ ಸರಿಯಾಗಿ ಮೂಡದ ಹತ್ತೊಂಬತ್ತರ ಹುಡುಗರಿಗೆ ಹಿರಿಯರು ಎಂಬ ಬಿರುದು. ಉದ್ದದವನು ಅಮೆರಿಕದವನು, ಗಿಡ್ಡದವನು ಫಿಲಿಪೀನ್ಸಿನವನು, ಹೆಸರು ಹೇಳಿದರು, ನಾನು ನೆನಪಿಟ್ಟುಕೊಳ್ಳಲಿಲ್ಲ, ಹೆಸರು ಹಿಡಿದು ಕರೆದರೆ ಬಳಕೆ ಶುರುವಾಗುತ್ತದೆ. ನಡುವೆ ನಮ್ಮವರು, ಮೋನಪ್ಪ ಬಂಗೇರ, ಅರವತ್ತಕ್ಕೆ ಎರಡು ಕಡಿಮೆ, ಅವರೂ ಬಿಳಿ ಅಂಗಿ ಹಾಕಿದ್ದಾರೆ, ಇಸ್ತ್ರಿ ತಾವೇ ಮಾಡಿಕೊಂಡಿದ್ದಾರೆ, ತೋಳಿನ ಮೇಲೆ ಎರಡು ಗೆರೆ ಬಿದ್ದಿದೆ. ಬೆಳಿಗ್ಗೆ ಹಲ್ಲುಜ್ಜುತ್ತ ಹೇಳಿದರು, ಇವತ್ತು ನಾಲ್ಕು ಗಂಟೆಗೆ ಅವರು ಬರ್ತಾರೆ, ನಿನ್ನ ಒಪ್ಪಿಗೆ ಬೇಕಂತೆ. ಎಂಥದಕ್ಕೆ ಒಪ್ಪಿಗೆ? ಬರುವ ಶನಿವಾರ ನೀರಿಗೆ ಇಳಿದು ಅವರ ಸಭೆ ಸೇರುವುದಕ್ಕೆ. ಹೆಂಡತಿ ಒಪ್ಪದೆ ಮದುವೆಯಾದ ಗಂಡಸನ್ನು ಅವರು ನೀರಿನಲ್ಲಿ ಮುಳುಗಿಸುವುದಿಲ್ಲವಂತೆ, ಅದು ಅವರ ರೂಲು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಇವರು ನನ್ನ ಒಪ್ಪಿಗೆ ಕೇಳಿದ್ದು ಇದೇ ಮೊದಲು, ಅದೂ ಯಾರದೋ ರೂಲು ಎಂದು, ಅದೂ ಬಾಯಲ್ಲಿ ಬ್ರಶ್ ಇಟ್ಟುಕೊಂಡು. ನಾನು ಬನ್ಸಿಗೆ ಬಾಳೆಹಣ್ಣು ಕಿವುಚಲು ಹೋದೆ.

ಬನ್ಸ್ ಉಬ್ಬಿ ಮೇಲೆ ಬರುತ್ತಿದೆ, ಎಣ್ಣೆ ಹದವಾಗಿದೆ, ಅಡುಗೆಮನೆಯಿಂದ ಹಾಲು ಪೂರ್ತಿ ಕಾಣುತ್ತದೆ, ಸಿಂಗಾಪುರದ ಈ ಬೆಡೋಕ್ ಫ್ಲಾಟು ತೆಗೆದುಕೊಳ್ಳುವಾಗಲೇ ನಾನು ನೋಡಿದ್ದು ಅದನ್ನೇ, ಯಾರು ಬಂದರು ಯಾರು ಹೋದರು ತಿಳಿಯಬೇಕು. ನನಗೆ ಸಂಶಯ ಜಾಸ್ತಿ ಎನ್ನುತ್ತಾರೆ, ಹೌದು, ಜಾಸ್ತಿ, ಹದಿನೆಂಟು ವರ್ಷ ಕಾಕಿ ಬುಕಿತ್‌ನ ಫ್ಯಾಕ್ಟರಿಯಲ್ಲಿ ಲೆನ್ಸ್ ಕೆಳಗೆ ಚಿಕ್ಕ ಚಿಕ್ಕ ಲೋಹದ ತುಂಡು ಹಿಡಿದು ಎಲ್ಲಿ ಬಿರುಕಿದೆ ಎಂದು ಹುಡುಕಿದವಳು, ಸಂಬಳವೇ ಸಂಶಯಕ್ಕೆ ಕೊಡುತ್ತಿದ್ದರು. ಮಾರ್ಚ್‌ನಲ್ಲಿ ಇವರು ಕಾಫಿ ಬಿಟ್ಟರು. ಎದ್ದ ಕೂಡಲೇ ಕಾಫಿ ಇಲ್ಲದಿದ್ದರೆ ಮನೆಯನ್ನೇ ತಲೆಕೆಳಗು ಮಾಡುವ ಮನುಷ್ಯ ಲೋಟವನ್ನು ಮೆಲ್ಲಗೆ ಆಚೆ ಸರಿಸಿ ಬೇಡ ಅಂದರು, ಚಹಾ ಕೊಟ್ಟೆ, ಅದೂ ಬೇಡ, ಬಿಸಿನೀರು ಕುಡಿದರು, ಗ್ಯಾಸ್ಟ್ರಿಕ್ಕಾ ಕೇಳಿದೆ, ಹಾಂ ಹಾಗೇ ಅಂದರು, ಹಾಗೇ ಎಂಬ ಮಾತು ಬಂದರೆ ಒಳಗೆ ಏನೋ ಇದೆ ಎಂದೇ ಲೆಕ್ಕ. ಆಮೇಲೆ ಬಿಯರು ಬಿಟ್ಟರು. ಆಮೇಲೆ ಭಾನುವಾರ ಬೆಳಿಗ್ಗೆ ಗಡ್ಡ ಬೋಳಿಸಿ ಹೊರಗೆ ಹೋಗಲು ಶುರು, ಎಲ್ಲಿಗೆ, ಫ್ರೆಂಡ್ಸ್, ಯಾವ ಫ್ರೆಂಡ್ಸ್, ಗೋಡೌನಿನವರು. ಗೋಡೌನಿನ ಫೋರ್ಕ್‌ಲಿಫ್ಟ್ ಓಡಿಸುವವರಿಗೆ ಭಾನುವಾರ ಗಡ್ಡ ಯಾರು ಬೋಳಿಸುತ್ತಾರೆ? ಹೆಂಗಸು ಅಂದುಕೊಂಡೆ. ಇನ್ನೇನು ಅಂದುಕೊಳ್ಳಲಿ, ಕಾಫಿ ಬಿಡಿಸುವಷ್ಟು ಜೋರಿನ ಹೆಂಗಸು. ಒಂದು ಭಾನುವಾರ ಹಿಂದೆಯೇ ಹೋದೆ, ಎಂಆರ್‌ಟಿ ರೈಲಿನಲ್ಲಿ ಎರಡು ಡಬ್ಬಿ ಬಿಟ್ಟು ನಿಂತೆ, ಪಾಸಿರ್ ರಿಸ್‌ನಲ್ಲಿ ಇಳಿದರು, ಪಾರ್ಕಿನ ಕಡೆ ನಡೆದರು, ನಾನು ಕೊಡೆ ಅಡ್ಡ ಹಿಡಿದುಕೊಂಡು ಒಂದು ಮರದ ಹಿಂದೆ. ಬೆಂಚಿನ ಮೇಲೆ ಈ ಇಬ್ಬರು ಬಿಳಿ ಅಂಗಿಯವರು, ನಡುವೆ ನಮ್ಮವರು, ಸಮುದ್ರದ ಕಡೆ ಮುಖ, ನಮ್ಮವರು ಅಳುತ್ತಿದ್ದರು. ಹೆಂಗಸಾಗಿದ್ದರೆ ಹೋಗಿ ಎರಡು ಮಾತು ಕೇಳಬಹುದಿತ್ತು, ಅಳುವ ಗಂಡಸಿನ ಹತ್ತಿರ ಏನು ಕೇಳುವುದು? ಕೊಡೆ ಮಡಚಿ ಮನೆಗೆ ಬಂದೆ, ಬಂದು ಅಕ್ಕಿ ನೆನೆಹಾಕಿದೆ.

ಆಂಟಿ ಸ್ಮೆಲ್ ಈಸ್ ಸೋ ನೈಸ್ ಎನ್ನುತ್ತಾನೆ ಗಿಡ್ಡದವನು, ಅವನು ಆಂಟಿ ಎನ್ನುತ್ತಾನೆ, ಉದ್ದದವನು ಸಿಸ್ಟರ್ ವಿನೋದಾ ಎನ್ನುತ್ತಾನೆ, ಯಾರ ಸಿಸ್ಟರ್, ನನಗಿರುವುದು ಒಬ್ಬನೇ ಅಣ್ಣ, ಅವನು ಕಟಪಾಡಿಯಲ್ಲಿದ್ದಾನೆ. ಬನ್ಸ್ ತಟ್ಟೆಗೆ ಹಾಕಿ ಬೇಕೆಂದೇ ಫಿಲ್ಟರ್ ಕಾಫಿಯನ್ನೂ ಟ್ರೇಯಲ್ಲಿಟ್ಟೆ, ಎರಡು ಲೋಟ, ಪರೀಕ್ಷೆ ಮಾಡೋಣ ಎಂದು, ಮುಟ್ಟಲಿಲ್ಲ, ಕಾಫಿ ಚಹಾ ಅವರ ಧರ್ಮಕ್ಕೆ ಆಗುವುದಿಲ್ಲವಂತೆ, ನಗುತ್ತಲೇ ಬೇಡ ಅಂದರು, ಆಮೇಲೆ ಮೈಲೋ ಕೊಟ್ಟೆ, ಮಕ್ಕಳ ಹಾಗೆ ಕುಡಿಯುತ್ತಿದ್ದಾರೆ. ನಾನು ಎದುರಿನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತೆ. ಈ ಹುಡುಗರು ನಮ್ಮವರಿಗೆ ಏನು ಹೇಳಿಕೊಟ್ಟಿದ್ದಾರೆ ಎಂಬುದು ನನಗೆ ಗೊತ್ತು, ಅಳು ನೋಡಿ ಬಂದ ಮೇಲೆ ಒಂದು ವಾರ ಕೆದಕಿ ಕೆದಕಿ ಎಲ್ಲ ಹೊರಗೆ ತೆಗೆದಿದ್ದೇನೆ. ಆದಾಮ, ಮೊದಲ ಗಂಡಸು. ಅವನು ಸುಮ್ಮನೆ ಮಣ್ಣಿನಿಂದ ಎದ್ದು ಬಂದವನಲ್ಲ ವಿನೋದಾ, ಅನ್ನೋವಾಗ ಇವರ ಕಣ್ಣು ಹೊಳೆಯುತ್ತಿತ್ತು, ಹುಟ್ಟುವ ಮೊದಲೇ ಅವನು ಮಿಕಾಯೇಲ, ದೇವದೂತರಿಗೆಲ್ಲ ಯಜಮಾನ, ಭೂಮಿ ಮಾಡುವಾಗ ಕೈಜೋಡಿಸಿದವನು, ದೇವರು ಬೀಗದಕೈ ಕೊಟ್ಟದ್ದು ಮೊದಲು ಅವನ ಕೈಗೆ, ಲೋಕದಲ್ಲಿ ಆಮೇಲೆ ಯಾರಿಗೆ ಅಧಿಕಾರ ಸಿಕ್ಕಿದರೂ ಅವನ ಕೈ ದಾಟಿಯೇ ಸಿಗಬೇಕು. ಕಡೆಗೊಂದು ದಿನ ಅಮೆರಿಕದ ಒಂದು ಕಣಿವೆಯಲ್ಲಿ ಬಿಳಿ ಕೂದಲಿನ ಮುದುಕನಾಗಿ ಕೂರುತ್ತಾನೆ, ಹಿರಿಯರೆಲ್ಲ ಬಂದು ಅವನ ಮುಂದೆ ತಮ್ಮ ತಮ್ಮ ಜವಾಬ್ದಾರಿ ಒಪ್ಪಿಸುತ್ತಾರೆ. ಹಿರಿಯರೆಲ್ಲ ಎಂದು ಅವರು ಹೇಳಿದ್ದು, ಅಪ್ಪಂದಿರೆಲ್ಲ ಎಂದು ಇವರು ಕೇಳಿಸಿಕೊಂಡದ್ದು, ನಾನು ವ್ಯತ್ಯಾಸ ಹಿಡಿದೆ, ಹೇಳಲಿಲ್ಲ. ಒಬ್ಬೊಬ್ಬ ಅಪ್ಪನೂ ಅವನ ಮುಂದೆ ನಿಂತು ಇದು ನನ್ನ ಮಗು ಅನ್ನಬೇಕಂತೆ, ಅಂದರು, ಆಮೇಲೆ ಮುಖ ತೊಳೆಯಲು ಹೋದರು.

ಎಲ್ಲ ಸರಿ, ಆದರೆ ಅವನ ಬರಿ ಯಾವುದು? ಇದು ನನಗೆ ಮೊದಲು ಹೊಳೆದದ್ದು, ನಗುವೂ ಬಂತು. ನಮ್ಮಲ್ಲಿ ಬರಿ ಅಂದರೆ ಕುಲ, ಅದು ತಾಯಿಯಿಂದ ಬರುತ್ತದೆ, ಅಪ್ಪನಿಂದ ಅಲ್ಲ, ನಾನು ಸಾಲಿಯಾನ್, ನನ್ನ ಮಕ್ಕಳು ಸಾಲಿಯಾನ್, ಇವರು ಬಂಗೇರ, ಬಂಗೇರ ಇವರ ಜೊತೆಗೇ ಮುಗಿಯುತ್ತದೆ, ಇವರ ಅಕ್ಕನ ಮಕ್ಕಳಲ್ಲಿ ಮುಂದುವರಿಯುತ್ತದೆ. ಮನೆಯಲ್ಲಿ ಮಾತು ನಡೆಯುವುದು ಸೋದರಮಾವನದು, ಮದುವೆ, ಸಾವು, ದೈವದ ಮುಂದೆ ನಿಂತು ನುಡಿ ಕೇಳುವುದು ಎಲ್ಲ ಅವನದೇ, ಅಪ್ಪ ಪಕ್ಕದಲ್ಲಿ ನಿಂತಿರುತ್ತಾನೆ. ಆದಾಮನಿಗೆ ತಾಯಿಯೇ ಇಲ್ಲ, ತಾಯಿ ಇಲ್ಲದವನಿಗೆ ಬರಿ ಎಲ್ಲಿಂದ, ಸೋದರಮಾವ ಎಲ್ಲಿಂದ, ಅವನ ಮದುವೆಗೆ ಯಾರು ನಿಂತರು? ಇದನ್ನು ಇವರಿಗೆ ಹೇಳಿದಾಗ ನಗಲಿಲ್ಲ, ಅದೇ ಚಂದ ಅಲ್ವಾ ಅಂದರು, ಅವನ ಮೇಲೆ ಯಾವ ಮಾವನೂ ಇಲ್ಲ. ಆಗ ನನಗೆ ಹಳೆಯದೊಂದು ನೆನಪಾಯಿತು. ಚಾಂಗಿ ಏರ್‌ಪೋರ್ಟಿನಲ್ಲಿ ಒಮ್ಮೆ, ಚೈತನ್ಯಾಗೆ ಏಳು ವರ್ಷ, ನನಗೆ ರಜೆ ಸಿಗದೆ ಅಪ್ಪ ಮಗಳು ಇಬ್ಬರೇ ಊರಿಂದ ಬಂದಾಗ, ಕೌಂಟರಿನವನು ಎರಡು ಪಾಸ್‌ಪೋರ್ಟ್ ನೋಡಿ ಕೇಳಿದನಂತೆ, ಸರ್‌ನೇಮ್ ಬೇರೆ, ಈಸ್ ಶಿ ಯುವರ್ ಚೈಲ್ಡ್? ಮಗಳನ್ನು ಕೇಳಿದನಂತೆ, ಇವರು ಯಾರು? ಮಗಳು ಪಪ್ಪಾ ಅಂದ ಮೇಲೆ ಬಿಟ್ಟ. ಅದನ್ನು ಇವರು ಮನೆಯಲ್ಲಿ ತಮಾಷೆಯಾಗಿ ಹೇಳಿದರು, ಎಲ್ಲರೂ ನಕ್ಕೆವು, ಹದಿನೇಳು ವರ್ಷದಲ್ಲಿ ಇಪ್ಪತ್ತು ಸಲ ಹೇಳಿದ್ದಾರೆ, ಅಷ್ಟು ಸಲ ಹೇಳುವ ತಮಾಷೆ ತಮಾಷೆಯಾಗಿರುವುದಿಲ್ಲ ಎಂದು ನನಗೆ ಈಗ ಅನ್ನಿಸುತ್ತಿದೆ.

ಚೈತನ್ಯಾ ಇವತ್ತು ಬೇಕೆಂದೇ ಹೊರಗೆ ಹೋಗಿದ್ದಾಳೆ, ಐ ಡೋಂಟ್ ವಾಂಟ್ ಡ್ರಾಮಾ ಮಾ, ಆದರೆ ಹೋಗುವ ಮೊದಲು ನನಗೆ ಒಂದು ಲಿಂಕ್ ಕಳಿಸಿದ್ದಾಳೆ, ಓದಿ ಲಾ ಮಾ, ಇವ್ರು ಲಾಸ್ಟ್ ಟೈಮ್ ಆದಾಮೇ ದೇವ್ರು ಅಂತಿದ್ರು, ಈಗ ಕೇಳಿದ್ರೆ ನೋ ನೋ ಅಂತಾರೆ, ಸೋ ಫನ್ನಿ. ಓದಿದೆ, ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ನೂರ ಎಪ್ಪತ್ತು ವರ್ಷದ ಹಿಂದೆ ಈ ಹುಡುಗರ ಸಭೆಯ ಎರಡನೆಯ ಮುಖ್ಯಸ್ಥನೇ ವೇದಿಕೆಯಲ್ಲಿ ನಿಂತು ಸಾರಿದ್ದನಂತೆ, ಆದಾಮನೇ ನಮ್ಮ ಅಪ್ಪ, ಅವನೇ ನಮ್ಮ ದೇವರು, ಅವನು ತೋಟಕ್ಕೆ ಬರುವಾಗಲೇ ದೇವರ ಮೈಯಲ್ಲೇ ಬಂದವನು. ಆಮೇಲೆ ಬಂದವರು ಅದು ನಮ್ಮ ಬೋಧನೆ ಅಲ್ಲ ಎಂದು ತಳ್ಳಿಹಾಕಿದರಂತೆ. ಈಗ ಉದ್ದದವನನ್ನು ಕೇಳುತ್ತೇನೆ, ನನ್ನ ಫ್ಯಾಕ್ಟರಿ ಇಂಗ್ಲಿಷಿನಲ್ಲೇ ಕೇಳುತ್ತೇನೆ, ಬಿಫೋರ್ ಯು ಸೇ ಆದಾಮ್ ಈಸ್ ಗಾಡ್, ನೌ ಯು ಸೇ ನಾಟ್ ಗಾಡ್, ವೈ? ಅವನ ಹೆಬ್ಬೆರಳು ಒಳಕ್ಕೆ ಮಡಚಿಕೊಂಡಿತು, ನಾನು ನೋಡಿದೆ, ಮುಖಕ್ಕಿಂತ ಕಾಲು ನೋಡಬೇಕು. ವಿ ಡೋಂಟ್ ಟೀಚ್ ದಟ್, ಸಿಸ್ಟರ್ ವಿನೋದಾ. ಬಟ್ ಸಮ್‌ಬಡಿ ಟೀಚ್. ಹೌದು, ಆಗಿನ ಕೆಲವು ಮಾತುಗಳು ನಮಗೆ ಪೂರ್ತಿ ಅರ್ಥವಾಗಿಲ್ಲ, ಆದಾಮ ದೊಡ್ಡವನು, ಆದರೆ ಪರಮ ತಂದೆಯೇ ಬೇರೆ, ಆದಾಮ ಅವನ ಕೈ ಕೆಳಗೆ, ಅಂದ. ಕೈ ಕೆಳಗೆ ಅಂದರೆ ಅಧಿಕಾರ ಇದೆ, ಪೂಜೆ ಇಲ್ಲ. ನನಗೆ ಸಿಟ್ಟು ಬಂತು, ಆದಾಮನನ್ನು ದೇವರು ಅಂದದ್ದಕ್ಕೆ ಅಲ್ಲ, ಅಂದು ನಾಚಿಕೊಂಡದ್ದಕ್ಕೆ. ನಮ್ಮ ದೈವದ ಗರಡಿಯಲ್ಲಿ ಕೈಮುಗಿಸಿಕೊಳ್ಳುವವರೆಲ್ಲ ಒಂದು ಕಾಲದಲ್ಲಿ ಉಂಡು ಮಲಗಿ ಜಗಳ ಮಾಡಿ ಸತ್ತ ಮನುಷ್ಯರೇ, ಸತ್ತ ಮೇಲೆ ದೈವವಾದರು, ಅದರಲ್ಲಿ ಮುಚ್ಚಿಡುವುದು ಏನಿದೆ, ಒಮ್ಮೆ ಕೂರಿಸಿದ ದೈವವನ್ನು ಎಬ್ಬಿಸಿ ನೀನು ದೈವ ಅಲ್ಲ ಮಾರಾಯ ಎಂದು ನಾವು ಯಾರಿಗಾದರೂ ಹೇಳಿದ್ದೇವಾ? ಹೇಳಿದವರ ಮನೆ ಉಳಿಯುತ್ತಿತ್ತಾ? ಒಂದು ದೇವರನ್ನೇ ಅಡಗಿಸಿಟ್ಟವರು ಇನ್ನೇನೇನು ಅಡಗಿಸಿಟ್ಟಿದ್ದಾರೋ. ಹಾಗೆಂದು ನಮ್ಮವರ ಕಡೆ ನೋಡಿದರೆ ಇವರಿಗೆ ಅದು ಯಾವುದೂ ತಾಗಿಲ್ಲ, ದೇವರಾಗಲಿ ಬಿಡಲಿ, ಇವರಿಗೆ ಬೇಕಾದದ್ದು ಬೀಗದಕೈ.

ಬೀಗದಕೈ ಯಾಕೆ ಬೇಕು ಎಂದು ನನಗೆ ಗೊತ್ತಾದದ್ದು ಆ ಕಾಗದ ಸಿಕ್ಕ ದಿನ, ಟಿಫಿನ್ ಚೀಲದಲ್ಲಿ ನಾಲ್ಕು ಮಡಿಕೆ, ಈ ಹುಡುಗರೇ ಕೊಟ್ಟದ್ದು, ವಂಶವೃಕ್ಷ ತುಂಬುವ ಫಾರಂ. ನಮ್ಮವರು ತಾಯಿ, ತಾಯಿಯ ತಾಯಿ, ಅವಳ ತಾಯಿ ಎಂದು ಐದು ತಲೆ ಬಾಯಿಪಾಠ ಹೇಳುತ್ತಾರೆ, ಬಂಗೇರರ ಹೆಂಗಸರನ್ನೆಲ್ಲ ಹೇಳುತ್ತಾರೆ, ಆದರೆ ಆ ಕಾಗದದಲ್ಲಿ ತಾಯಂದಿರ ಗೆರೆ ಖಾಲಿ. ಅಪ್ಪಂದಿರ ಗೆರೆಯಲ್ಲಿ ತಮ್ಮ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ಅಲ್ಲಿಗೆ ಮುಗಿಯಿತು, ಅಜ್ಜನ ಅಪ್ಪ ಯಾರೆಂದು ನಮ್ಮಲ್ಲಿ ಯಾರಿಗೆ ಗೊತ್ತು? ಅಲ್ಲಿಂದ ಚುಕ್ಕಿ ಚುಕ್ಕಿ ಚುಕ್ಕಿ ಇಟ್ಟುಕೊಂಡು ಹೋಗಿ ಕಾಗದದ ತುದಿಯಲ್ಲಿ ಕನ್ನಡದಲ್ಲಿ ಆದಾಮ ಎಂದು ಬರೆದಿದ್ದರು. ಕೆಳಗೆ, ತಮ್ಮ ಹೆಸರಿನ ಕೆಳಗೆ, ಎರಡು ಮಕ್ಕಳು. ಚೈತನ್ಯಾ. ಅದಕ್ಕೂ ಮೊದಲು ದೀಕ್ಷಿತಾ. ದೀಕ್ಷಿತಾ ಬಂಗೇರ ಎಂದು ಬರೆದಿದ್ದರು, ಸಾಲಿಯಾನ್ ಅಲ್ಲ, ಬಂಗೇರ, ಬರೆದು ಅದರ ಮೇಲೆ ಎರಡನೆಯ ಸಲ ಪೆನ್ನು ಎಳೆದು ದಪ್ಪ ಮಾಡಿದ್ದರು. ನನ್ನ ಮಗು, ಹದಿನಾಲ್ಕು ತಿಂಗಳು, ತೊಂಬತ್ತೇಳನೆಯ ಇಸವಿಯ ಏಪ್ರಿಲ್, ಕಟಪಾಡಿಯ ನನ್ನ ತಾಯಿಮನೆಯಲ್ಲಿ ಐದು ದಿನದ ಜ್ವರ. ಇವರು ಆಗ ಸಿಂಗಾಪುರದಲ್ಲಿ. ಮಗು ಬೆಳಗಿನ ಜಾವ ಹೋಯಿತು, ಇವರು ಬರುವುದು ಮರುದಿನ ಮಧ್ಯಾಹ್ನ, ಮಗು ಹೋದ ದಿನ ಸಂಜೆಯೇ ಮಣ್ಣು ಮಾಡಿ ಮುಗಿದಿತ್ತು. ಮನೆಯ ಯಜಮಾನ ನನ್ನ ಅಣ್ಣ ದಿವಾಕರ, ಅಣ್ಣ ಕಾಯಲಿಲ್ಲ — ಹಾಗೆಯೇ ಎಲ್ಲರೂ ಹೇಳುವುದು. ಇವರು ಬಂದವರು ಅಂಗಳದಲ್ಲೇ ನಿಂತು ಕೂಗಿದರು, ನನ್ನ ಮಗುವನ್ನು ನನಗೆ ತೋರಿಸದೆ ಹೂಳಲು ನಿನಗೆ ಯಾರು ಅಧಿಕಾರ ಕೊಟ್ಟರು? ಅಣ್ಣ ತಲೆ ತಗ್ಗಿಸಿ ನಾನೇ ನಿರ್ಧಾರ ಮಾಡಿದ್ದು ಭಾವ, ತಪ್ಪಾಯ್ತು ಅಂದ. ಅಷ್ಟೇ. ಆವತ್ತಿನಿಂದ ಇವರು ನನ್ನ ತಾಯಿಮನೆಯ ಮೆಟ್ಟಿಲು ಹತ್ತಿಲ್ಲ, ಇಪ್ಪತ್ತೆಂಟು ವರ್ಷ, ಪ್ರತಿ ರಜೆಯಲ್ಲೂ ನಾನು ಒಬ್ಬಳೇ ಹೋಗಿ ಬರುತ್ತೇನೆ.

ಈಗ ಆ ಅಣ್ಣನೇ ಮಗುವಿಗೆ ಮದುವೆ ಇಟ್ಟಿದ್ದಾನೆ. ಈ ಹುಡುಗರಿಗೆ ಹೇಳಿದರೆ ಬೆಚ್ಚಿಬೀಳುತ್ತಾರೆ, ನಮ್ಮಲ್ಲಿ ಕುಲೆಗಳಿಗೆ ಮದುವೆ ಇದೆ, ಕುಲೆ ಎಂದರೆ ಸತ್ತವರು, ಎಳೆಯದರಲ್ಲಿ ಹೋದ ಮಕ್ಕಳು ಅಲ್ಲಿಯೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಮನೆಯವರನ್ನು ಮದುವೆ ಕೇಳುತ್ತಾರೆ, ಮಳೆಗಾಲದ ಆಟಿ ತಿಂಗಳಲ್ಲಿ ಅದೇ ರೀತಿ ಹೋದ ಗಂಡುಮಗುವನ್ನು ಹುಡುಕಿ ಸೀರೆ ಉಡುಗೆ ಇಟ್ಟು ಬಡಿಸಿ ಮದುವೆ ಮಾಡಿ ಕಳಿಸುತ್ತೇವೆ. ಬೆಚ್ಚಿಬೀಳುವುದಿಲ್ಲವೇನೋ, ಇವರೂ ಸತ್ತವರ ಹೆಸರಿನಲ್ಲಿ ನೀರಿಗೆ ಇಳಿಯುತ್ತಾರಂತೆ, ಅಪ್ಪ ಅಮ್ಮ ಮಕ್ಕಳನ್ನು ಸತ್ತ ಮೇಲೂ ಬಿಡದ ಹಾಗೆ ಬೆಸೆಯುತ್ತಾರಂತೆ, ಅದರಲ್ಲಿ ನಾನು ಇವರನ್ನು ನಗುವ ಹಾಗಿಲ್ಲ. ದೀಕ್ಷಿತಾಳಿಗೆ ಈಗ ಇಪ್ಪತ್ತೊಂಬತ್ತು. ವರ ಮೂಲ್ಕಿ ಕಡೆಯವನು, ಮೂರು ವರ್ಷಕ್ಕೆ ಹೋದವನು, ಇದ್ದಿದ್ದರೆ ಮೂವತ್ತಮೂರು. ಅಣ್ಣ ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದ, ಆಟಿ ಹದಿನಾರಕ್ಕೆ ನಿಶ್ಚಯ, ಹೆಣ್ಣಿನ ಕಡೆಯಿಂದ ನಾನು ಕೂರುತ್ತೇನೆ, ಭಾವನಿಗೆ ಪುರುಸೊತ್ತಿದ್ದರೆ ಬರಲಿ. ಅದನ್ನು ಇವರು ಓದಿದರು, ಫೋನನ್ನು ನನ್ನ ಕೈಗೆ ಕೊಟ್ಟರು, ಮರುದಿನವೇ ನೀರಿಗೆ ಇಳಿಯುವ ಮಾತು. ಪುರುಸೊತ್ತಿದ್ದರೆ ಅಂತೆ, ಅಂದರು, ಅಪ್ಪನಿಗೆ ಪುರುಸೊತ್ತಿದ್ದರೆ. ಮತ್ತೊಂದು ಸಲ ನನ್ನನ್ನು ಕೇಳದೆ ಕಳಿಸುತ್ತಾನೆ ವಿನೋದಾ, ಆವತ್ತು ಮಣ್ಣಿಗೆ, ಇವತ್ತು ಯಾರದೋ ಮನೆಗೆ. ಕಳಿಸಲಿ. ನಾನು ಅವಳನ್ನು ನನ್ನ ಹೆಸರಿಗೆ ಬೆಸೆದುಕೊಳ್ಳುತ್ತೇನೆ, ಮೊದಲ ಅಪ್ಪನಿಂದ ಬಂದ ಅಧಿಕಾರದಲ್ಲಿ, ನಿನ್ನ ಅಣ್ಣ ಏನು ಮಾಡುತ್ತಾನೆ ನೋಡುವ. ಹಾಗೆ ಅನ್ನುವಾಗ ಇವರ ಮುಖ ಆವತ್ತಿನ ಅಂಗಳದಲ್ಲಿ ಇದ್ದಂತೆಯೇ ಇತ್ತು, ಆ ಅಂಗಳ, ಏಪ್ರಿಲ್‌ನ ಮಧ್ಯಾಹ್ನ, ಒದ್ದೆ ಅಂಗಳ — ಬೇಡ, ಮೈಲೋ ಲೋಟ ಖಾಲಿಯಾಗಿದೆ, ಇನ್ನೊಂದು ಸ್ವಲ್ಪ ಬೇಕಾ ಕೇಳೋಣ.

ಬೇಡವಂತೆ. ಉದ್ದದವನು ಮುಂದೆ ಬಾಗಿ ಕೈ ಜೋಡಿಸಿಕೊಂಡ, ಬಂತು ಈಗ. ಸಿಸ್ಟರ್ ವಿನೋದಾ, ಬ್ರದರ್ ಮೋನಪ್ಪ ದೀಕ್ಷೆ ತೆಗೆದುಕೊಳ್ಳಲು ನಿಮ್ಮ ಮನಸ್ಸಿನ ಒಪ್ಪಿಗೆ ಇದೆಯಾ? ಒತ್ತಾಯ ಇಲ್ಲ. ಒತ್ತಾಯ ಇಲ್ಲ ಎನ್ನುವವರನ್ನೇ ನಾನು ಹೆಚ್ಚು ನೋಡಿಕೊಳ್ಳುವುದು. ಕೇಳಿದೆ, ಹಿ ಜಾಯಿನ್, ದೆನ್ ಬೇಬಿ ಕಮ್ ಟು ಹಿಸ್ ನೇಮ್? ನಮ್ಮವರು ತಲೆ ಎತ್ತಿದರು, ಇದನ್ನು ಇವರು ಸರಿಯಾಗಿ ಕೇಳಿಯೇ ಇಲ್ಲ ಎಂದು ನನಗೆ ಕೂಡಲೇ ತಿಳಿಯಿತು, ಕೇಳಿದರೆ ಇಲ್ಲ ಎಂದಾರು ಎಂಬ ಹೆದರಿಕೆ. ಉದ್ದದವನು ಗಿಡ್ಡದವನನ್ನು ನೋಡಿದ, ಗಿಡ್ಡದವನು ನೆಲ ನೋಡಿದ. ಆಮೇಲೆ ಉದ್ದದವನು ನಿಜವನ್ನೇ ಹೇಳಿದ, ಅದನ್ನು ಒಪ್ಪಬೇಕು, ಮೆಲ್ಲಗೆ ಹೇಳಿದ, ಒಂದು ವರ್ಷ ಆಗಬೇಕು, ದೇವಾಲಯಕ್ಕೆ ಹೋಗಬೇಕು, ಮತ್ತೆ ಮಗುವನ್ನು ಅಪ್ಪನಿಗೆ ಮಾತ್ರ ಬೆಸೆಯಲು ಆಗುವುದಿಲ್ಲ, ಅಪ್ಪ ಅಮ್ಮ ಇಬ್ಬರಿಗೂ ಒಟ್ಟಿಗೆ, ಅಮ್ಮ ಪಕ್ಕದಲ್ಲಿ ಇರಬೇಕು, ಆದಾಮನೂ ಒಬ್ಬನೇ ಇರಲಿಲ್ಲವಲ್ಲ, ಹವ್ವ ಇದ್ದಳು. ಓಹೋ, ಬಂತಾ ಗಾಳ! ಅಂದರೆ ನನಗೂ ನೀರು ಕಾದಿದೆ, ನಮ್ಮವರು ಹುಳ, ಮೀನು ನಾನು. ಹಾಗೆಂದು ಬಾಯಿ ತೆರೆದವಳು ಇವರ ಮುಖ ನೋಡಿ ಮುಚ್ಚಿದೆ. ಬಣ್ಣವೇ ಹೋಗಿತ್ತು. ಅಷ್ಟು ಹತ್ತಿ ಹತ್ತಿ ಹೋಗಿ, ಕಾಫಿ ಬಿಟ್ಟು, ಚುಕ್ಕಿ ಇಟ್ಟು, ಲೋಕದ ಮೊದಲ ಅಪ್ಪನ ತನಕ ಮುಟ್ಟಿ ನೋಡಿದರೆ ಅಲ್ಲಿಯೂ ನನ್ನನ್ನೇ ಕೇಳಬೇಕು. ಅಪ್ಪನಿಗೆ ಮಾತ್ರ ಆಗುವುದಿಲ್ಲವಾ, ಎಂದು ಇಂಗ್ಲಿಷಿನಲ್ಲಿ ಕೇಳಿದರು, ಸಣ್ಣ ಧ್ವನಿ. ಸಾರಿ ಬ್ರದರ್. ಆಮೇಲೆ ಇವರು ನನ್ನ ಕಡೆ ತಿರುಗಿ ನಮ್ಮ ತುಳುವಿನಲ್ಲಿ ಹೇಳಿದರು, ನೀನು ಇಲ್ಲ ಅನ್ನುತ್ತಿ, ಗೊತ್ತು ನನಗೆ, ಅನ್ನು. ಆದರೆ ಆವತ್ತು ನಿನ್ನ ಅಣ್ಣ ಅರ್ಧ ದಿನ ಕಾದಿದ್ದರೆ ನಾನು ಇವರ ಹತ್ತಿರ ಹೋಗುತ್ತಲೇ ಇರಲಿಲ್ಲ, ನನಗೆ ಆದಾಮನೂ ಬೇಡ ಯಾರೂ ಬೇಡ, ಒಂದು ಸಲ ಮುಖ ನೋಡಿದ್ದರೆ ಸಾಕಿತ್ತು.

ಇಪ್ಪತ್ತೆಂಟು ವರ್ಷದಲ್ಲಿ ಇದನ್ನು ಇಷ್ಟು ಸೀದಾ ಹೇಳಿರಲಿಲ್ಲ, ಸೀದಾ ಹೇಳದೆ ಇದ್ದದ್ದರಿಂದಲೇ ನಾನು ಬದುಕಿಕೊಂಡೆ. ಫ್ಯಾನು ತಿರುಗುತ್ತಿದೆ, ಹುಡುಗರು ನಗುಮುಖ ಇಟ್ಟುಕೊಂಡು ಕಾಯುತ್ತಿದ್ದಾರೆ, ತುಳು ಅವರಿಗೆ ಬರುವುದಿಲ್ಲ. ಮೂರು ಸಲ ಕಟಪಾಡಿ ಪೇಟೆಯ ಎಸ್‌ಟಿಡಿ ಬೂತಿಗೆ ಓಡಿದ್ದೆ, ಮಗುವಿಗೆ ಜ್ವರ ಇಳಿಯುವುದಿಲ್ಲ ಬನ್ನಿ, ಲೀವ್ ಸಿಗುವುದಿಲ್ಲ ಮುಂದಿನ ವಾರ ನೋಡುವ, ಬನ್ನಿ, ಸೂಪರ್‌ವೈಸರ್ ಕೇಳುವುದಿಲ್ಲ, ನಾಲ್ಕನೆಯ ಸಲ ಫೋನು ಮಾಡುವಾಗ ಹೇಳಲು ಮಗು ಇರಲಿಲ್ಲ, ಆಗ ಬರುತ್ತೇನೆ ಅಂದರು, ಆಗ ಲೀವ್ ಸಿಕ್ಕಿತು. ನನ್ನೊಳಗೆ ಏನೋ ಕಲ್ಲಾಯಿತು. ಅಣ್ಣ ಹತ್ತು ಗಂಟೆಗೆ ಮಲ್ಪೆಗೆ ಹೋದವನು ಟೆಂಪೋದಲ್ಲಿ ಬಂದ, ದೋಣಿ ನಿಲ್ಲುವ ಮೀನಿನ ದಕ್ಕೆಯಿಂದ ಐಸು, ಎರಡು ದೊಡ್ಡ ಗಡ್ಡೆ, ಗೋಣಿ ಸುತ್ತಿ ಮರದ ಹುಡಿ ಹಾಕಿ ತಂದಿದ್ದ, ಚಪ್ಪರದ ನೆರಳಿನಲ್ಲಿ ಇಳಿಸಿದ. ಭಾವ ನಾಳೆ ಮಧ್ಯಾಹ್ನ ಮುಟ್ಟುತ್ತಾರೆ, ಅಲ್ಲಿಯವರೆಗೆ ಇಡುವ, ಅಪ್ಪ ಅಲ್ವಾ, ಮುಖ ನೋಡಬೇಕು ಅಂದ. ನಾನು ಬೇಡ ಅಂದೆ. ಮೀನಿನ ಐಸಿನ ಮೇಲೆ ನನ್ನ ಮಗುವನ್ನು ಮಲಗಿಸಬೇಡ ಅಂದೆ. ಅದು ನಿಜ, ಆದರೆ ಅದು ಪೂರ್ತಿ ನಿಜ ಅಲ್ಲ, ಅದರ ಕೆಳಗೆ ಇನ್ನೊಂದು ಇತ್ತು, ಬರಲಿ, ಬಂದು ಏನೂ ಸಿಗದೆ ನಿಲ್ಲಲಿ, ನಾನು ಐದು ದಿನ ನಿಂತಂತೆ ಒಂದು ದಿನ ನಿಲ್ಲಲಿ. ಅಣ್ಣ ಮೂರು ಸಲ ಕೇಳಿದ, ಮೂರು ಸಲ ಬೇಡ ಅಂದೆ. ಸಂಜೆ ಎಲ್ಲ ಮುಗಿಯಿತು, ಐಸು ಮಾತ್ರ ಅಲ್ಲೇ ಉಳಿಯಿತು, ಯಾರಿಗೂ ಅದನ್ನು ಎತ್ತುವ ಮನಸ್ಸಿರಲಿಲ್ಲ.

ಇಲ್ಲ ಅಂದರೆ ಇವರು ಹುಡುಗರ ಜೊತೆ ಹೋಗುವುದು ನಿಲ್ಲಬಹುದು, ಹೌದು ಅಂದರೆ ಹೋಗಬಹುದು, ಎರಡರಲ್ಲೂ ಅಣ್ಣನೇ ಕಳ್ಳ, ಎರಡರಲ್ಲೂ ನಾನು ಸಾಚಾ. ದೇವರನ್ನು ಅಡಗಿಸಿದವರು ಎಂದು ಈ ಹುಡುಗರ ಸಾಕ್ಸಿನ ತನಕ ಹುಡುಕಿದೆನಲ್ಲ. ಬಾಯಿ ತಾನಾಗಿ ತೆರೆಯಿತು, ತುಳುವಿನಲ್ಲೇ ಹೇಳಿದೆ, ಅಣ್ಣ ಕಾಯುತ್ತಿದ್ದ. ಅಣ್ಣ ಮಲ್ಪೆಯಿಂದ ಐಸು ತಂದಿದ್ದ, ನೀವು ಬರುವ ತನಕ ಇಡುವ ಅಂದಿದ್ದ. ಬೇಡ ಅಂದದ್ದು ನಾನು. ನಾನು ನಿಮ್ಮ ಮೇಲಿನ ಸಿಟ್ಟಿಗೆ ಬೇಡ ಅಂದೆ, ಅಣ್ಣ ನನ್ನನ್ನು ಉಳಿಸಲು ತಲೆ ತಗ್ಗಿಸಿದ. ಗಿಡ್ಡದವನು ಮೆಲ್ಲಗೆ ಕೇಳುತ್ತಾನೆ, ಆಂಟಿ ಸೇ ಯೆಸ್, ಅಂಕಲ್? ಅವನು ಅಲ್ಲಿ ಇರುವುದೇ ಇವರಿಗೆ ಗೊತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾರೆ, ಬೈಯಲಿ, ಎದ್ದು ಒಂದು ಕೊಡಲಿ, ನಾನು ಕಾಯುತ್ತಿದ್ದೇನೆ, ಇವರು ಕೇಳುತ್ತಾರೆ — ಎಷ್ಟು ತಂದಿದ್ದ? ಎರಡು ಗಡ್ಡೆ. ಎರಡು ಗಡ್ಡೆ, ಎನ್ನುತ್ತಾರೆ, ಗೋಡೌನಿನ ಮನುಷ್ಯ, ತೂಕ, ಗಂಟೆ, ಬಿಸಿಲು ಎಲ್ಲ ಮನಸ್ಸಿನಲ್ಲೇ ಅಳೆಯುತ್ತಿದ್ದಾರೆ, ತುಟಿ ಅಲ್ಲಾಡುತ್ತಿದೆ, ಎಷ್ಟು ಹೊತ್ತು ಇರುತ್ತಿತ್ತು ವಿನೋದಾ? ಆವತ್ತು ಮಧ್ಯಾಹ್ನ ಇವರು ಗೇಟು ದಾಟಿ ಬಂದಾಗ ಸಿಂಗಾಪುರದ ಕಪ್ಪು ಶೂಸು ನೀರಿನಲ್ಲಿ ಚಪ್ ಅಂತ ಇಳಿಯಿತು, ಅಂಗಳ ಯಾಕೆ ಒದ್ದೆ ಎಂದು ಕೇಳಿದರು, ತೊಳೆದದ್ದು ಎಂದು ಯಾರೋ ಹೇಳಿದರು, ನಾನು ಚಾವಡಿಯ ಕಂಬ ಹಿಡಿದು ನಿಂತಿದ್ದೆ, ನಾನು ನಿಂತಲ್ಲಿಂದ ಚಪ್ಪರದ ಮೂಲೆ ಕಾಣುತ್ತಿತ್ತು, ಗೋಣಿಯ ಒಂದು ತುದಿ ಸರಿದಿತ್ತು — ನೀವು ಬರುವಾಗಲೂ ಇತ್ತು, ಎನ್ನುತ್ತೇನೆ. ಇತ್ತು. ಗೋಣಿಯ ಕೆಳಗೆ, ತೆಂಗಿನಕಾಯಿಯಷ್ಟು, ಮರದ ಹುಡಿ ಅಂಟಿಕೊಂಡು, ಬಿಸಿಲಿನಲ್ಲಿ ಹೊಗೆಯಾಡುತ್ತ, ಇನ್ನೂ ಗಟ್ಟಿಯಾಗಿ, ತೆಂಗಿನಕಾಯಿಯಷ್ಟು ಐಸು